ದಡ ಹುಡುಕುವ ಹಕ್ಕಿ



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಸಾಮಾನ್ಯವಾಗಿ ಒಂದು ಸುತ್ತ ತೆಗೆದುಕೊಂಡು ಅದರ ಅರ್ಥ ಬರೆಯುತ್ತೇವೆ. ಈ ಸಲ ಮನೆಯ ಮಾತನ್ನೇ ಬರೆಯುತ್ತಿದ್ದೇನೆ, ನನ್ನ ಸಂಗಾತಿಯ ಒಪ್ಪಿಗೆ ಪಡೆದು. "ಬರೀರಿ, ಆದ್ರ ನೀವು ಮಾಡಿದ್ದೂ ಬರೀಬೇಕು" ಅಂದಿದ್ದಾಳೆ.

ಡಿಸೆಂಬರ್ 6ಕ್ಕೆ ನಾವಿಬ್ಬರೂ ಕಲಬುರಗಿಯಿಂದ ಚೈತ್ಯಭೂಮಿಗೆ ಹೋಗಿದ್ದೆವು. ವಾಪಸು ರೈಲು ಮರುದಿನ ರಾತ್ರಿಗೆ ಇತ್ತು, ಹಗಲೆಲ್ಲ ಖಾಲಿ. ಆಕೆ ಒಮ್ಮೆಯೂ ಸಮುದ್ರದ ಮೇಲೆ ಹೋದವಳಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಹೋಗುವ ಲಾಂಚ್ ಹತ್ತಿದೆವು. ಸುಮಾರು 10 ಕಿಲೋಮೀಟರ್, ಒಂದು ತಾಸಿನ ದಾರಿ. ಮೇಲಿನ ಅಂತಸ್ತಿನಲ್ಲಿ ಕೂಡಲು ಬೇರೆ ದುಡ್ಡು. ಕೊಟ್ಟು ಮೇಲೆಯೇ ಕೂತೆವು.

ಒಂದು ವಿಷಯ ಹೇಳಬೇಕು. ಮುಂಬೈಗೆ ಹೊರಡುವ ಮುಂಚೆ ಆಕೆಯ ಎದೆಯಲ್ಲಿ ಕಂಡ ಗಂಟನ್ನು ಬಯಾಪ್ಸಿ ಮಾಡಿಸಿ ಬಂದಿದ್ದೆವು. ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ ಅಂದಿದ್ದರು. ನಂಬರು ಕೇಳಿದಾಗ ನಾನು ನನ್ನದು ಕೊಟ್ಟೆ. ಗ್ಯಾಸ್, ಕರೆಂಟ್ ಬಿಲ್ಲು, ಮಗಳ ಕಾಲೇಜು, ಎಲ್ಲದಕ್ಕೂ ನನ್ನ ನಂಬರೇ ಇದೆ. ಇದಕ್ಕೂ ಅದನ್ನೇ ಹೇಳಿದೆ. ಬಳಸಿ ಬಳಸಿ ಬಾಯಿಗೆ ಬಂದ ನಂಬರು, ಯೋಚನೆಯನ್ನೇ ಮಾಡಲಿಲ್ಲ.

ಲಾಂಚ್ ದಡ ಬಿಟ್ಟಿತು. 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಓದಲು ಹೊರಟದ್ದು ಇದೇ ಮುಂಬೈನಿಂದ ಅಂತ ಆಕೆಗೆ ಹೇಳುತ್ತಿದ್ದೆ. "ರಮಾಯಿಗೆ ಒಂದು ಕಾಗದ ಮುಟ್ಲಿಕ್ಕ ಎಷ್ಟು ವಾರ ಹಿಡೀತಿತ್ತೋ" ಅಂದಳು. ನನಗೆ ಒಂದು ತಾಸು ತಾಳಲು ಆಗುತ್ತಿರಲಿಲ್ಲ. ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಮೊಬೈಲನ್ನು ಕಿಸೆಯಿಂದ ತೆಗೆಯುವುದು, ನೋಡುವುದು, ಇಡುವುದು. ಒಮ್ಮೆ ಎದ್ದು ನಿಂತು ಕೈ ಮೇಲೆತ್ತಿ ಹಿಡಿದೆ. ಪಕ್ಕದವರು ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡು ಸರಿದು ಜಾಗ ಬಿಟ್ಟರು.

ಚಳಿಗಾಲದಲ್ಲಿ ಆ ಲಾಂಚುಗಳ ಹಿಂದೆ ಕಡಲಹಕ್ಕಿಗಳು ಹಿಂಡಾಗಿ ಬರುತ್ತವೆ. "ಯಾಕ್ರಿ ಇವು ಹಿಂಗ ಬೆನ್ನ ಹತ್ಯಾವ?" ಅಂದಳು. ಮೇಷ್ಟ್ರ ಬುದ್ಧಿ, ಕೇಳಿದರೆ ಸಾಕು! ದೀಘನಿಕಾಯದ ಕೇವಟ್ಟ ಸುತ್ತದ ಕತೆ ಹೇಳಿದೆ. ಹಿಂದಿನ ಕಾಲದ ವ್ಯಾಪಾರಿಗಳು ಹಡಗಿನಲ್ಲಿ ದಡ ಹುಡುಕುವ ಹಕ್ಕಿಯೊಂದನ್ನು ಒಯ್ಯುತ್ತಿದ್ದರು. ದಡ ಕಾಣದಾದಾಗ ಅದನ್ನು ಬಿಡುತ್ತಿದ್ದರು. ಹಕ್ಕಿ ನಾಲ್ಕೂ ದಿಕ್ಕಿಗೆ, ಮೇಲಕ್ಕೆ ಹಾರಿ ನೋಡುತ್ತಿತ್ತು. ನೆಲ ಕಂಡರೆ ಅತ್ತಲೇ ಹೋಗುತ್ತಿತ್ತು, ಕಾಣದಿದ್ದರೆ ಹಡಗಿಗೇ ತಿರುಗಿ ಬರುತ್ತಿತ್ತು. ತನ್ನ ಪ್ರಶ್ನೆ ಹೊತ್ತು ದೇವಲೋಕಗಳನ್ನೆಲ್ಲ ಅಲೆದ ಭಿಕ್ಖುವೊಬ್ಬನಿಗೆ ಭಗವಾನರು ಈ ಹೋಲಿಕೆ ಹೇಳುತ್ತಾರೆ. (ಮಹಾಬ್ರಹ್ಮನೇ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದು, ನನಗೂ ಗೊತ್ತಿಲ್ಲ, ಬುದ್ಧರನ್ನೇ ಕೇಳು ಅನ್ನುವುದು ಈ ಸುತ್ತದಲ್ಲೇ. ಓದದವರು ಓದಬೇಕು.)

ಆಕೆ ನಕ್ಕಳು. "ಅಂಥಾ ಹಕ್ಕಿ ನಿಮ್ಮ ಕೈಯಾಗೂ ಒಂದು ಅದ ನೋಡ್ರಿ. ಹತ್ತಿದಾಗಿಂದ ಬರೇ ಬಿಡ್ಲಕತ್ತೀರಿ."

ದ್ವೀಪ ಹತ್ತಿರವಾದಾಗ ರಿಪೋರ್ಟ್ ಬಂತು. ಓದಿದೆ. ಕ್ಯಾನ್ಸರ್. ಆಕೆಯ ಭುಜ ನನ್ನ ಭುಜಕ್ಕೆ ತಾಗಿತ್ತು. "ಏನದು?" ಅಂದಳು. "ಏನಿಲ್ಲ, ಶಾಲೆದು ಮೆಸೇಜು" ಅಂದೆ.

ಅಲ್ಲಿಂದ ಮುಂದಿನ ಮೂರು ತಾಸು ನನಗೆ ಸರಿಯಾಗಿ ನೆನಪಿಲ್ಲ. ಆ ದ್ವೀಪದ ಇನ್ನೊಂದು ಗುಡ್ಡದ ಮೇಲೆ ಇಟ್ಟಿಗೆಯ ಹಳೆಯ ಸ್ತೂಪದ ಅವಶೇಷವಿದೆ. ಅದನ್ನು ನೋಡಬೇಕೆಂದೇ ಹೋದವನು ಅತ್ತ ಹೊರಳಲೂ ಇಲ್ಲ. ಆಕೆ ತೋರಿಸಿದ್ದಕ್ಕೆಲ್ಲ ಹೂಂ ಅಂದೆ. ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಇದು ಕರುಣೆ, ಇದೊಂದು ದಿನವಾದರೂ ಆಕೆ ನಗಲಿ ಅಂತ.

ವಾಪಸು ಬರುವಾಗ ಲಾಂಚಿನಲ್ಲಿ ಆಕೆಯೇ ಕೇಳಿದಳು. "ರಿಪೋರ್ಟ್ ಬಂದದಲ್ಲ?"

ಸುಮ್ಮನಿದ್ದೆ.

"ಹೋಗೂವಾಗ ನೂರು ಸಲ ಮೊಬೈಲ್ ನೋಡಿದ್ರಿ. ಆಮ್ಯಾಲ ಒಂದು ಸಲಾನೂ ತೆಗೀಲಿಲ್ಲ. ಹಕ್ಕಿ ತಿರುಗಿ ಬರಲಿಲ್ಲ ಅಂದ್ರ ದಡ ಕಂಡದ ಅಂತ ನೀವೇ ಹೇಳಿದ್ರಲ್ಲ."

ಮೊಬೈಲ್ ಕೊಟ್ಟೆ. ಇಂಗ್ಲಿಷಿನ ಒಂದೊಂದೇ ಸಾಲನ್ನು ನನ್ನಿಂದ ಓದಿಸಿ, ಅರ್ಥ ಕೇಳಿ ತಿಳಿದುಕೊಂಡಳು. ಅತ್ತಳು, ಸ್ವಲ್ಪ ಹೊತ್ತು. ಆಮೇಲೆ, "ಆ ಮೂರು ತಾಸು ನಾ ಒಬ್ಬಾಕೀನೇ ಇದ್ದೆ" ಅಂದಳು. ರೋಗದ ಸುದ್ದಿಗಿಂತ ಈ ಮಾತು ನನ್ನನ್ನು ಹೆಚ್ಚು ಕಾಡಿದೆ.

ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ, ನಡುನೀರಿನಲ್ಲಿ ಹೇಳಿ ಏನು ಮಾಡುವುದಿತ್ತು, ಅಪ್ರಿಯ ಸತ್ಯಕ್ಕೆ ಭಗವಾನರೂ ಕಾಲ ನೋಡುತ್ತಿದ್ದರಲ್ಲ ಅಂದರು. ನಿಜ, ಅಭಯರಾಜಕುಮಾರ ಸುತ್ತದಲ್ಲಿ ಹಾಗಿದೆ. ಆದರೆ ಕಾಲ ನೋಡುವುದು ಬೇರೆ, ಆ ಜಾಗದಲ್ಲಿ ಶಾಲೆಯ ಮೆಸೇಜು ಇಡುವುದು ಬೇರೆ. ದಿನಾ ಬೆಳಿಗ್ಗೆ ಮುಸಾವಾದಾ ವೇರಮಣಿ ಅನ್ನುವ ಬಾಯಿಯೇ ಅದನ್ನು ಹೇಳಿತ್ತು. "ರಿಪೋರ್ಟ್ ಬಂದಿದೆ, ಈಗ ನೋಡ್ತಿಯೋ, ದಡಕ್ಕೆ ಹೋದ ಮೇಲೋ?" ಎಂದು ಕೇಳಿದ್ದರೆ ಕಾಲವನ್ನು ಆಕೆಯೇ ಆರಿಸುತ್ತಿದ್ದಳು. ದೇಹ ಆಕೆಯದು, ಸುದ್ದಿಯೂ ಆಕೆಯದು. ನಾನು ಕಾಪಾಡಲು ಹೊರಟದ್ದು ಆಕೆಯ ನಗುವನ್ನೋ, ಆಕೆಯ ಅಳುವನ್ನು ಎದುರಿಸಲಾರದ ನನ್ನನ್ನೋ? ಕರುಣೆ ಎಂಬ ಹೆಸರಿನಲ್ಲಿ ಒಳಗಿದ್ದದ್ದು ಭಯ.

ಅಂಗುತ್ತರನಿಕಾಯದಲ್ಲಿ ನಕುಲಪಿತ ಹಾಸಿಗೆ ಹಿಡಿದಾಗ ಹೆಂಡತಿ ನಕುಲಮಾತೆ ಏನೂ ಮುಚ್ಚಿಡುವುದಿಲ್ಲ. ಸಾವಿನ ಮಾತನ್ನೇ ಎತ್ತುತ್ತಾಳೆ. ಚಿಂತೆ ಇಟ್ಟುಕೊಂಡು ಸಾಯಬೇಡ, ನನಗೆ ಹತ್ತಿ ನೂಲಲು ಬರುತ್ತದೆ, ಮಕ್ಕಳನ್ನು ಸಾಕಬಲ್ಲೆ, ಮನೆ ನಡೆಸಬಲ್ಲೆ ಎಂದು ಧೈರ್ಯ ಹೇಳುತ್ತಾಳೆ. ಅವನು ಗುಣವಾಗಿ ಕೋಲೂರಿಕೊಂಡು ಬುದ್ಧರ ಬಳಿ ಬಂದಾಗ, ಇಂಥ ಸಂಗಾತಿ ಸಿಕ್ಕಿದ್ದು ನಿನ್ನ ಲಾಭ ಅನ್ನುತ್ತಾರೆ. ಈ ಸುತ್ತವನ್ನು ನಾನೇ ನಮ್ಮ ವೃತ್ತದಲ್ಲಿ ಎರಡು ಸಲ ಓದಿ ವಿವರಿಸಿದ್ದೇನೆ. ಎರಡೂ ಸಲ ಅದು ಹೆಂಡತಿಯ ಕರ್ತವ್ಯದ ಪಾಠ ಅಂದುಕೊಂಡೇ ವಿವರಿಸಿದ್ದೆ. ಗಂಡನಾದವನಿಗೂ ಅದೇ ಧೈರ್ಯ ಬೇಕೆಂದು ಹೊಳೆದಿರಲಿಲ್ಲ.

ಚಿಕಿತ್ಸೆ ನಡೆದಿದೆ. ಮಗಳಿಗೆ ಆಕೆಯೇ ಹೇಳಿದಳು. ಆಸ್ಪತ್ರೆಯ ಫೈಲಿನ ಮೇಲೆ ಈಗ ಆಕೆಯ ನಂಬರಿದೆ. ಮೆಸೇಜು ಬಂದಾಗ ಆಕೆ ಮೊದಲು ಓದಿಕೊಳ್ಳುತ್ತಾಳೆ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕಾಯುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.