ಕೇಬಲ್ಲಿನ ಋಣ

ಮನೆಗೆ ಇಂಟರ್ನೆಟ್ ಕೊಡುವವರನ್ನು ಬದಲಾಯಿಸುವುದು ನೀತಿಯ ಪ್ರಶ್ನೆಯಾಗಬಹುದೇ? ಮೇಲ್ನೋಟಕ್ಕೆ ಇದು ನಗು ಬರಿಸುವ ಮಾತು. ಸೋಪು ಬದಲಾಯಿಸುತ್ತೇವೆ, ಚಹಾಪುಡಿ ಬದಲಾಯಿಸುತ್ತೇವೆ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಮೊಬೈಲ್ ಕಂಪನಿಯನ್ನು ಬದಲಾಯಿಸುವುದಂತೂ 2011ರ ಜನವರಿಯಿಂದ ಇಡೀ ದೇಶದಲ್ಲಿ ಸಾಧ್ಯವಾಗಿದೆ. 1900ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ನಂಬರು ಅದೇ, ಕಂಪನಿ ಬೇರೆ. ಹಳೆಯ ಕಂಪನಿಯವರು ಒಂದೆರಡು ಸಲ ಫೋನು ಮಾಡಿ ಗೋಗರೆಯಬಹುದು, ಅಷ್ಟೇ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಮನೆಯ ಬ್ರಾಡ್‌ಬ್ಯಾಂಡಿಗೂ 2024ರ ಸೆಪ್ಟೆಂಬರಿನಿಂದ ಇಂಥದೇ ಏರ್ಪಾಡು ಬಂದಿದೆ. ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದರ ಲೆಕ್ಕ ಮುಗಿಸುವ ಕೆಲಸ ಅವರವರಲ್ಲೇ ನಡೆದುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ಹೊಸ ತಂತಿ ಮನೆಯೊಳಗೆ ಬಂದ ಮೇಲೂ ಹಳೆಯ ತಂತಿ ಕಿಟಕಿಯಲ್ಲಿ ನೇತಾಡುತ್ತಿರುತ್ತದೆ. ಅದರ ಒಡೆಯನಿಗೆ ನಾವೇ ಹೇಳಬೇಕು: "ಭಾಯ್, ಮುಂದಿನ ತಿಂಗಳಿಂದ ನಿಮ್ಮದು ಬೇಡ." ಆತ ನಾಳೆ ಬೆಳಿಗ್ಗೆ ಹಾಲಿನಂಗಡಿಯಲ್ಲಿ ಸಿಗುವ ಮನುಷ್ಯ. ಈ ಮಾತು ನಾಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಅಲ್ಲಿಂದಲೇ ನನ್ನ ಪ್ರಶ್ನೆ ಹುಟ್ಟುತ್ತದೆ.

ಹೀಗೆ ಸಿಕ್ಕಿಕೊಳ್ಳುವುದಕ್ಕೆ ಉರ್ದುವಿನಲ್ಲಿ ಮುರವ್ವತ್ ಅನ್ನುತ್ತೇವೆ, ಕನ್ನಡದಲ್ಲಿ ದಾಕ್ಷಿಣ್ಯ. ಎರಡು ಭಾಷೆಗಳಲ್ಲೂ ಅದನ್ನು ಗುಣವೆಂದು ಹೊಗಳುತ್ತೇವೆ, ಅದರಿಂದ ಹಾಳಾದವರ ಕಥೆಗಳನ್ನೂ ಹೇಳುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾದವಳ ಗಾದೆ ನಿಮಗೂ ಗೊತ್ತಿದೆ.

ದಾವಣಗೆರೆಯಲ್ಲಿ ನಮ್ಮ ಓಣಿ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರ. ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಇಲ್ಲಿ ನೆಟ್ ಕೊಡುವವರನ್ನು ಎಲ್ಲರೂ ಕೇಬಲ್ ಭಾಯ್ ಎಂದೇ ಕರೆಯುವುದು. 1991ರ ಕೊಲ್ಲಿ ಯುದ್ಧದ ನಂತರದ ವರ್ಷಗಳಲ್ಲಿ ಊರೂರಿನ ಮಾಳಿಗೆಗಳ ಮೇಲೆ ಡಿಶ್ ನಿಲ್ಲಿಸಿ ಮನೆಮನೆಗೆ ತಂತಿ ಎಳೆದ ಹುಡುಗರ ಪೀಳಿಗೆಯವರು ಅವರು. 1994ರಲ್ಲಿ ಉದಯ ಟಿವಿ ಬಂದಾಗ ಗಿರಾಕಿಗಳು ತಾವಾಗಿಯೇ ಹುಡುಕಿಕೊಂಡು ಬಂದರು. 1995ರ ಕೇಬಲ್ ಕಾನೂನು ಬಂದ ಮೇಲೆ ಈ ಹುಡುಗರೆಲ್ಲ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡು ದೊಡ್ಡ ಮನುಷ್ಯರಾದರು. ಆಮೇಲೆ ಡಿಟಿಎಚ್ ಛತ್ರಿಗಳು ಬಂದವು, ಸೆಟ್‌ಟಾಪ್ ಬಾಕ್ಸುಗಳು ಬಂದವು, ಗಿರಾಕಿಗಳು ಕರಗುತ್ತ ಹೋದರು. ಉಳಿದವರು ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ತಂತಿ ಎಳೆದರು.

ದೊಡ್ಡ ಕಂಪನಿಗಳು ಮೊದಲು ಬಡಾವಣೆಗಳಿಗೆ ಬಂದವು. ನಮ್ಮ ಓಣಿಯ ಬಾಯಿಗೆ ಬಂದವರು ಅಲ್ಲಿಂದಲೇ ಹಿಂದಿರುಗಿದರು. ಓಣಿ ಕಿರಿದು ಅಂದರು. ಓಣಿ ಈಗಲೂ ಅಷ್ಟೇ ಕಿರಿದಾಗಿದೆ, ಆದರೂ ಈಗ ಬರುತ್ತಿದ್ದಾರೆ.

ಆಗ ನೆಟ್ ಬೇಕಾದವರಿಗೆಲ್ಲ ಕೇಬಲ್ ಭಾಯ್ ಒಬ್ಬರೇ ದಿಕ್ಕು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಓಣಿಯ ದರ್ಜಿಗಳಿಗೆ, ಭಟ್ಟಿಯ ಕೂಲಿಯವರಿಗೆ ತಿಂಗಳ ದುಡ್ಡು ಕಟ್ಟಲಾಗಲಿಲ್ಲ. ಅವರು ಯಾರ ತಂತಿಯನ್ನೂ ಕಿತ್ತಲಿಲ್ಲ. ಕೇಳಿದರೆ "ಮಕ್ಕಳು ಓದಲಿ ಆಪಾ, ಎಲ್ಲಿ ಹೋಗ್ತಾರೆ, ಕೊಟ್ಟಾಗ ಕೊಡ್ತಾರೆ" ಅಂದಿದ್ದರು. ಎಷ್ಟು ಜನ ಕೊಟ್ಟರೋ ಅವರು ಹೇಳಿಲ್ಲ.

ಇಷ್ಟು ಒಳ್ಳೆಯ ಮನುಷ್ಯನ ತಂತಿ ಮಾತ್ರ ಒಳ್ಳೆಯದಲ್ಲ. ಅವರ ಚೀಟಿಯಲ್ಲಿ ಫೈಬರ್ ಎಂದು ಅಚ್ಚಾಗಿದೆ. ಫೈಬರ್ ಬಂದಿರುವುದು ಓಣಿಯ ಮೂಲೆಯ ಪೆಟ್ಟಿಗೆಯವರೆಗೆ. ಅಲ್ಲಿಂದ ಮನೆಗೆ ಬರುವುದು ತಾಮ್ರದ ನೀಲಿ ತಂತಿ. ಹೀಗೆ ಅರ್ಧ ದಾರಿಗೆ ಫೈಬರ್ ಎಳೆದು ಪೂರ್ತಿ ಫೈಬರ್ ಎಂದು ಮಾರುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಗಾಜಿನ ಎಳೆ ನನ್ನ ಗೋಡೆಯವರೆಗೆ ಬರುತ್ತದೋ, ಬೀದಿಯವರೆಗೆ ಮಾತ್ರವೋ? ತಾಮ್ರದ ಈ ತಂತಿ ನೂರು ಮೀಟರಿನ ಆಚೆಗೆ ಸರಿಯಾಗಿ ಕೆಲಸ ಮಾಡದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಅದರೊಳಗೆ ವಿದ್ಯುತ್ತು ನುಗ್ಗಿ ಪೆಟ್ಟಿಗೆ ಸುಟ್ಟುಹೋಗುತ್ತದೆ. ಕೂದಲಿನಷ್ಟು ತೆಳ್ಳಗಿನ ಗಾಜಿನಲ್ಲಿ ಹರಿಯುವುದು ಬೆಳಕು, ಅದಕ್ಕೆ ಸಿಡಿಲಿನ ಹಂಗಿಲ್ಲ.

ಹಾಗೆಂದು ಕಂಪನಿಗಳ ಪೋಸ್ಟರುಗಳನ್ನು ಪೂರ್ತಿ ನಂಬಬೇಕಾಗಿಲ್ಲ. ನೂರು ಎಂಬಿಪಿಎಸ್ ಎಂದು ಬರೆದಿರುತ್ತಾರೆ, ಅದರ ಮುಂದೆ 'ವರೆಗೆ' ಎಂಬ ಪದ ಇರುವೆಯ ಗಾತ್ರದಲ್ಲಿರುತ್ತದೆ. ಮನೆಗಳಿಗೆ ಬರುವ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಬರೆದ ದರದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಜೋಡಣೆ ಉಚಿತ ಅನ್ನುತ್ತಾರೆ, ಆರು ತಿಂಗಳ ದುಡ್ಡನ್ನು ಮುಂಗಡ ಕೇಳುತ್ತಾರೆ. ಕರೆಂಟು ಹೋದರೆ ಫೈಬರೂ ಹೋಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹಳೆಯ ಲ್ಯಾಂಡ್‌ಲೈನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಇದರ ಮೋಡೆಮ್ಮಿಗೆ ಮನೆಯ ಪ್ಲಗ್ಗೇ ಗತಿ, ಇಲ್ಲವೇ ಪುಟ್ಟದೊಂದು ಯುಪಿಎಸ್ ಕೊಳ್ಳಬೇಕು. ಎಷ್ಟೋ ಸಲ ತಪ್ಪು ತಂತಿಯದೇ ಆಗಿರುವುದಿಲ್ಲ, ಮೋಡೆಮ್ಮನ್ನು ಬೀರುವಿನ ಹಿಂದೆ ಇಟ್ಟವರದಾಗಿರುತ್ತದೆ!

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ತಮ್ಮನ ಹೆಂಡತಿ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಹೆಚ್ಚಾಗಿ ರಾತ್ರಿ. ನೆಟ್ ಹೋದ ಹೊತ್ತೆಲ್ಲ ಅವಳ ಹಾಜರಿಯಲ್ಲಿ ಕಳೆಯುತ್ತದೆ. ಬದಲಾಯಿಸೋಣ ಎಂದು ಅವಳು ಹೇಳಿದಾಗ ಅಮ್ಮಿ ಒಪ್ಪಲಿಲ್ಲ. "ಯಾರೂ ಬರದಿದ್ದಾಗ ಬಂದವನು. ಅವನನ್ನ ಬಿಟ್ಟರೆ ಯಾವ ಮುಖ ಇಟ್ಕೊಂಡು ಮಾತಾಡಿಸೋದು?" ಅಂದರು. ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದಳು: "ನಿಮ್ಮ ಮುರವ್ವತ್ತಿನ ಬಿಲ್ಲು ನಾನು ಕಟ್ಟಬೇಕಾ ಅಮ್ಮಿ?"

ದಾಕ್ಷಿಣ್ಯದ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಮನೆಯ ಹಿರಿಯರು ತೋರಿಸುವ ಔದಾರ್ಯ ಹೆಚ್ಚಾಗಿ ಕಿರಿಯರ ಜೇಬಿನಿಂದಲೇ ಹೋಗಿರುತ್ತದೆ. ಅದರಲ್ಲೂ ಮನೆಗೆ ಬಂದ ಸೊಸೆಯಂದಿರ ಸಮಯ, ನಿದ್ದೆ, ಸಂಬಳ ಇವುಗಳ ಮೇಲೆ ನಾವು ಎಷ್ಟು ಸಲೀಸಾಗಿ ಉದಾರಿಗಳಾಗುತ್ತೇವೆ! ನನ್ನ ಸ್ವಂತ ಕೆಲಸಕ್ಕೆ ತೊಂದರೆಯಾಗಿದ್ದರೆ ಅದನ್ನು ನುಂಗಿಕೊಂಡು ಕೇಬಲ್ ಭಾಯ್‌ಗೆ ಗಿರಾಕಿಯಾಗಿರುವುದು ನನ್ನ ಇಷ್ಟ. ಇನ್ನೊಬ್ಬಳ ಪರವಾಗಿ ನುಂಗಿಕೊಳ್ಳುವ ಅಧಿಕಾರ ನನಗೂ ಇಲ್ಲ, ಅಮ್ಮಿಗೂ ಇಲ್ಲ.

ಆದರೆ ಎದುರಿನ ವಾದವನ್ನೂ ನಾನು ಒಪ್ಪಲಾರೆ. ತಿಂಗಳು ತಿಂಗಳು ದುಡ್ಡು ಕೊಟ್ಟಿದ್ದೇವೆ, ಋಣ ಎಲ್ಲಿಂದ ಬಂತು ಎಂದು ನನ್ನ ತಮ್ಮ ಕೇಳುತ್ತಾನೆ. ಮೂವತ್ತು ದಿನದ ನೆಟ್ಟಿಗೆ ಮೂವತ್ತು ದಿನದ ದುಡ್ಡು, ಸರಿ. 2020ರಲ್ಲಿ ಕೀಳದೆ ಬಿಟ್ಟ ತಂತಿ ಯಾವ ಬಿಲ್ಲಿನಲ್ಲಿದೆ? ಆಗ ನಾವು ದುಡ್ಡು ಕಟ್ಟಿದವರೇ ಇರಬಹುದು. ನಮ್ಮ ಪಕ್ಕದ ಮನೆಯ ಮಕ್ಕಳು ಓದಿದ್ದು ಅವರ ದಯೆಯಿಂದ, ನಾವು ಆ ಓಣಿಯಲ್ಲೇ ಇರುವವರು. ಬೆಲೆ ಕೊಟ್ಟು ಮುಗಿಸುವ ಬಾಕಿಯೇ ಬೇರೆ, ಇದೇ ಬೇರೆ. ಆದರೆ ಇಂಥ ಋಣವನ್ನು ಕೆಟ್ಟ ತಂತಿಗೆ ದುಡ್ಡು ಕಟ್ಟುತ್ತ ತೀರಿಸಲು ಹೊರಟರೆ ಅವರು ಅಂದು ಮಾಡಿದ್ದು ದಯೆಯಾಗಿ ಉಳಿಯುವುದಿಲ್ಲ. ಗಿರಾಕಿಗಳನ್ನು ಕಟ್ಟಿಹಾಕಲು ಕೊಟ್ಟ ಮುಂಗಡವಾಗಿಬಿಡುತ್ತದೆ. ಅವರು ಅದನ್ನು ಹಾಗೆ ಕೊಟ್ಟಿರಲಿಲ್ಲ. ಇವತ್ತಿಗೂ ಒಮ್ಮೆಯಾದರೂ ಅದನ್ನು ಎತ್ತಿ ಆಡಿಲ್ಲ.

ನನ್ನ ಅಭಿಪ್ರಾಯದಲ್ಲಿ ಆತನಿಗೆ ಸಲ್ಲಬೇಕಾದ ಮೊದಲ ಹಕ್ಕು ದೂರನ್ನು ಕೇಳಿಸಿಕೊಳ್ಳುವ ಹಕ್ಕು. ಮನಸ್ಸಿನಲ್ಲೇ ಬೈದುಕೊಳ್ಳುತ್ತ ಗಿರಾಕಿಯಾಗಿ ಉಳಿಯುವುದೂ, ಹೇಳದೆ ಕೇಳದೆ ಒಂದು ದಿನ ಬಿಟ್ಟುಬಿಡುವುದೂ ನನಗೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಆತನನ್ನು ಮಾತಿಗೆ ಯೋಗ್ಯನೆಂದು ತಿಳಿದಿರುವುದಿಲ್ಲ. ತಮ್ಮನ ಹೆಂಡತಿ ನೆಟ್ ಹೋದ ಹೊತ್ತುಗಳನ್ನು ಹದಿನೈದು ದಿನ ಒಂದು ಹಾಳೆಯಲ್ಲಿ ಬರೆದಿಟ್ಟಳು. ಕೇಬಲ್ ಭಾಯ್‌ನ ಕರೆದು ಅದನ್ನು ಕೈಗೆ ಕೊಟ್ಟೆವು. ಓದಿ ನೋಡಿ ಒಂದು ಮಾತೂ ಆಡದೆ ತಂತಿ ಬದಲಾಯಿಸಿದರು, ತುದಿಗಳನ್ನು ಹೊಸದಾಗಿ ಕಟ್ಟಿದರು. ಎರಡು ವಾರ ಸರಿಯಿತ್ತು. ಮತ್ತೆ ಕೆಟ್ಟಾಗ ಅವರೇ ಹೇಳಿದರು: "ಮೂಲೆಯ ಪೆಟ್ಟಿಗೆಯಿಂದ ಇಲ್ಲಿತನಕ ಗಾಜೇ ಎಳೀಬೇಕು ಆಪಾ. ಜೋಡಿಸೋ ಮಿಷನ್ನು ತರಬೇಕು. ಒಂದು ಮನೆಗೋಸ್ಕರ ನನ್ನ ಕೈಲಾಗಲ್ಲ. ಬೆಹೆನ್ ನೌಕರಿ ಇದೆ, ನೀವು ಕಂಪನಿದು ಹಾಕಿಸ್ಕೊಳ್ಳಿ." ಬಾಕಿ ಕೊಟ್ಟೆವು, ಅವರ ರೂಟರನ್ನು ಒರೆಸಿ ಹಿಂದಿರುಗಿಸಿದೆವು.

ಇಲ್ಲಿಗೆ ಮುಗಿಯಿತೇ? ಮನೆಯ ಮಟ್ಟಿಗೆ ಮುಗಿದಿರಬಹುದು, ಓಣಿಯ ಮಟ್ಟಿಗೆ ಇಲ್ಲ. ನನ್ನನ್ನು ಕಾಡುವುದು ಈ ಭಾಗವೇ. ಸಂಬಳ ಬರುವ ಮನೆಗಳು ಒಂದೊಂದಾಗಿ ಬಿಟ್ಟರೆ ಕೇಬಲ್ ಭಾಯ್‌ಗೆ ಉಳಿಯುವುದು ತಡವಾಗಿ ಕಟ್ಟುವವರು, ಅತಿ ಕಡಿಮೆಯ ಪ್ಲಾನಿನವರು. ಅವರ ತಂತಿ ನಿಂತಿದ್ದೇ ನಮ್ಮಂಥವರ ಬಿಲ್ಲಿನ ಮೇಲೆ. ಕೇಬಲ್ ಭಾಯ್ ಅಂಗಡಿ ಮುಚ್ಚಿದರೆ ಅವರಿಗೆ ಕಂಪನಿ ಬರಬಹುದು, ಆದರೆ "ಕೊಟ್ಟಾಗ ಕೊಡಿ" ಅನ್ನುವವರು ಬರುವುದಿಲ್ಲ. ಮುಂಗಡ ಮುಗಿದ ರಾತ್ರಿ ಹನ್ನೆರಡಕ್ಕೆ ಕಂಪ್ಯೂಟರು ತಾನಾಗಿಯೇ ನಿಲ್ಲಿಸುತ್ತದೆ.

ನಾವು ಇದನ್ನು ಒಬ್ಬೊಬ್ಬರ ಆತ್ಮಸಾಕ್ಷಿಯ ಪ್ರಶ್ನೆಯಾಗಿ ಮಾಡಿಕೊಂಡು ಒದ್ದಾಡುತ್ತಿರುವುದಕ್ಕೆ ಅರ್ಧ ಕಾರಣ ತಂತಿಯ ಏರ್ಪಾಡು. ಬ್ರಿಟನ್ನಿನಲ್ಲಿ ಓಪನ್‌ರೀಚ್ ಎಂಬ ಸಂಸ್ಥೆ ಎಳೆದ ಒಂದೇ ಫೈಬರಿನ ಮೇಲೆ ಹಲವು ಕಂಪನಿಗಳು ವ್ಯಾಪಾರ ಮಾಡುತ್ತವೆ. ಅದರ ಮೇಲಿರುವವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಬೀದಿಯ ತಂತಿ ಅದೇ ಇರುತ್ತದೆ. ನಮ್ಮಲ್ಲಿ ಪ್ರತಿ ಕಂಪನಿಯೂ ತನ್ನದೇ ತಂತಿ ತರುತ್ತದೆ. ನಮ್ಮ ಓಣಿಯ ಕಂಬಗಳನ್ನು ನೋಡಿದರೆ ಹಕ್ಕಿಗೂ ಕೂರಲು ಜಾಗವಿಲ್ಲ. ಹೀಗಾಗಿ ಬಿಡುವುದೆಂದರೆ ಒಬ್ಬನ ತಂತಿಯನ್ನೇ ಒಣಗಿಸುವುದು. ಬಿಎಸ್ಸೆನ್ನೆಲ್ ತನ್ನ ಫೈಬರನ್ನು ಊರಿನ ಕೇಬಲ್‌ನವರ ಮೂಲಕ, ಆದಾಯದಲ್ಲಿ ಪಾಲು ಕೊಟ್ಟು ಮನೆಗೆ ತಲುಪಿಸುತ್ತದೆ. ಅದು ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ, ಆದರೆ ಆ ದಾರಿಯಲ್ಲಿ ಕೇಬಲ್ ಭಾಯ್‌ನಂಥವರಿಗೆ ಜಾಗವಿದೆ. ಇನ್ನೊಂದು ದಾರಿ 2018ರ ಅಕ್ಟೋಬರಿನದು. ಆಗ ರಿಲಯನ್ಸ್, ಡೆನ್ ಮತ್ತು ಹ್ಯಾಥ್‌ವೇ ಎಂಬ ಎರಡು ದೊಡ್ಡ ಕೇಬಲ್ ಕಂಪನಿಗಳ ಬಹುಪಾಲನ್ನು ಕೊಳ್ಳುವುದಾಗಿ ಘೋಷಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಜಿಯೋಫೈಬರ್ ಬಂತು, 2020ರಲ್ಲಿ ಅದರ ಆರಂಭದ ದರ 399 ರೂಪಾಯಿಗೆ ಇಳಿಯಿತು. ಅಗ್ಗವಾಗಿದ್ದು ಒಳ್ಳೆಯದೇ. ಕಂಬದ ಮೇಲೆ ಎರಡೇ ತಂತಿ ಉಳಿದ ದಿನವೂ ದರ ಹೀಗೇ ಇರುತ್ತದೆಯೇ ಎಂದು ಕೇಳುವುದು ಗಿರಾಕಿಯ ಕೆಲಸವಲ್ಲ ಅನ್ನುವವರಿದ್ದಾರೆ. ಮತ್ತೆ ಯಾರ ಕೆಲಸ?

ಓಣಿಯಲ್ಲಿ ಈಗ ಒಂದು ಪಟ್ಟಿ ತಿರುಗುತ್ತಿದೆ. ಮನೆಗೆ ಇಷ್ಟೆಂದು ಮುಂಗಡ ಹಾಕಿದರೆ ಕೇಬಲ್ ಭಾಯ್ ಮಿಷನ್ನು ತಂದು ಓಣಿಗೆಲ್ಲ ಗಾಜೇ ಎಳೆಯುತ್ತಾರಂತೆ. ಹನ್ನೊಂದು ಮನೆಯವರು ಹೆಸರು ಬರೆಸಿದ್ದಾರೆ, ಸಾಲದು. ಅಮ್ಮಿ ಯಾರನ್ನೂ ಕೇಳದೆ ನಮ್ಮದನ್ನೂ ಬರೆಸಿ ಮುಂಗಡವನ್ನು ತಮ್ಮ ಗಂಟಿನಿಂದ ಕೊಟ್ಟಿದ್ದಾರೆ. ತಮ್ಮನ ಹೆಂಡತಿ ಬೇಡ ಅನ್ನಲಿಲ್ಲ. ಕಂಪನಿಗೆ ಕಟ್ಟಿದ ಆರು ತಿಂಗಳು ಹೇಗೂ ನಡೆಯಲಿ, ಅವರು ಎಳೆದ ಮೇಲೆ ಒಂದು ಸಿಡಿಲಿನ ಕಾಲ ದಾಟಲಿ, ಆಮೇಲೆ ನನ್ನ ಕಂಪ್ಯೂಟರಿಗೂ ಹಾಕಿ ನೋಡುತ್ತೇನೆ ಅಂದಿದ್ದಾಳೆ.