ಅಳಿಸುವ ಆಜ್ಞೆ

ಹೇಳಿದುದನ್ನು ಹೇಳಿದಂತೆ ಮಾಡುವ ಸೇವಕನು ಉತ್ತಮನೋ, ಮಾಡುವ ಮೊದಲು ಪರಿಣಾಮವನ್ನು ಅರುಹುವವನು ಉತ್ತಮನೋ ಎಂಬ ಪ್ರಶ್ನೆಯು ಹಳೆಯದು. ಯಂತ್ರಗಳು ಸೇವಕರ ಸ್ಥಾನವನ್ನು ಪಡೆದಿರುವ ಈ ಕಾಲದಲ್ಲಿ ಅದು ಯಂತ್ರದ ಆಜ್ಞೆಗಳನ್ನು ರಚಿಸುವವನ ಪ್ರಶ್ನೆಯಾಗಿದೆ.

ಒಂದೇ ಗಣಕದ ಒಡಲಲ್ಲಿ ಹಲವು ಗಣಕಗಳನ್ನು ಬೇರೆಬೇರೆಯಾಗಿ ನಡೆಯಿಸುವ ವಿದ್ಯೆಯು ಹೊಸದಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಇಂಥ ಒಳಗಣಕಕ್ಕೆ ವರ್ಚುವಲ್ ಮಷೀನ್ ಎಂದೂ, ಅದರ ಸರ್ವಸ್ವವೂ ಅಡಗಿರುವ ಕಡತಕ್ಕೆ ಇಮೇಜ್ ಎಂದೂ ಹೆಸರು. ಗಣಕಕ್ಕೆ ಅಕ್ಷರಗಳಲ್ಲಿಯೇ ಆಜ್ಞೆ ಕೊಡುವ ಪದ್ಧತಿಯು ಕಮಾಂಡ್ ಲೈನ್. ಇರುವ ಉಪಕರಣಕ್ಕೆ ಹೊಸ ಆಜ್ಞೆಗಳನ್ನು ಕೂಡಿಸುವ ಕಿರುರಚನೆಯು ಪ್ಲಗ್‌ಇನ್. ಇಮೇಜನ್ನು ತರುವ ಆಜ್ಞೆಯು ತಪ್ಪಿದರೆ ಮತ್ತೊಮ್ಮೆ ತರಬಹುದು. ಅಳಿಸುವ ಆಜ್ಞೆಯಲ್ಲಿಯೇ ಧರ್ಮವಿಚಾರವು ಹುಟ್ಟುವುದು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಯು ಕಟ್ಟಿಸಿದಳು. ಕಂಚಿಯ ಕೈಲಾಸನಾಥ ದೇವಾಲಯವು ಅದಕ್ಕೆ ಮಾದರಿಯಾಯಿತೆಂದು ವಿದ್ವಾಂಸರ ಮತ. ಆದರೂ ಅದು ತನ್ನ ಅಡಿಗಲ್ಲಿನ ಮೇಲೆ ತಾನೇ ನಿಂತಿದೆ. ಕಂಚಿಯಲ್ಲಿ ಕಲ್ಲೊಂದು ಸರಿದರೆ ಇಲ್ಲಿಯ ಗೋಡೆ ಬಿರಿಯದು. ಇಮೇಜುಗಳ ಸ್ಥಿತಿಯು ಯಾವಾಗಲೂ ಹೀಗಲ್ಲ. ಸ್ಥಳದ ಉಳಿತಾಯಕ್ಕಾಗಿ ಮೂಲವನ್ನು ಹಾಗೆಯೇ ಇಟ್ಟು, ಅಲ್ಲಿಂದಾಚೆಗಿನ ವ್ಯತ್ಯಾಸಗಳನ್ನು ಮಾತ್ರ ಬೇರೆ ಕಡತದಲ್ಲಿ ಬರೆದಿಡುವುದುಂಟು. ಕ್ಯೂಕೌ2 ಎಂಬ ವಿಧದ ಕಡತಗಳಲ್ಲಿ ಈ ಅನುಕೂಲವಿದೆ. ಮೂಲವು ಅಳಿದರೆ ಅದನ್ನು ನೆಚ್ಚಿದವೆಲ್ಲವೂ ಕೆಡುವುವು. ವಿಚಿತ್ರವೇನೆಂದರೆ, ಮರಿಯಲ್ಲಿ ತಾಯಿಯ ಹೆಸರು ಬರೆದಿರುತ್ತದೆ. ತಾಯಿಯಲ್ಲಿ ಮರಿಗಳ ಹೆಸರಿರುವುದಿಲ್ಲ. ಆದುದರಿಂದ ಅಳಿಸುವವನಿಗೆ ತಾನು ಯಾರ ಕೆಲಸವನ್ನು ಕೆಡಿಸುತ್ತಿರುವೆನೆಂಬುದೇ ತಿಳಿಯದು.

ಬಳಸುವವನು ಬುದ್ಧಿವಂತನು, ಅವನನ್ನು ತಡೆಯಲು ಉಪಕರಣಕಾರನಾರು ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯಾಂಶವಿದೆ. 'ನಿಶ್ಚಯವೇ?' ಎಂದು ಪ್ರತಿಸಲವೂ ಕೇಳುವ ಉಪಕರಣಕ್ಕೆ 'ಹೌದು' ಎನ್ನುವುದು ಬೆರಳಿನ ಅಭ್ಯಾಸವಾಗಿಬಿಡುತ್ತದೆ. ಓದದೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯಲ್ಲ. ಆದರೆ ತನ್ನ ವಸ್ತುವಿನ ಮೇಲಿನ ಸ್ವಾತಂತ್ರ್ಯವು, ಅದನ್ನು ನೆಚ್ಚಿ ಬದುಕುವ ಪರರ ವಸ್ತುವಿನ ಮೇಲೂ ಹಬ್ಬಲಾರದು.

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಾದಾಮಿಯ ದಾರಿಯು ಕವಲೊಡೆಯುವ ಕುಳಗೇರಿ ಕ್ರಾಸನ್ನು ನೆನೆಯಬಹುದು. ಇಂಥ ಕವಲಿನಲ್ಲಿ ಕೈಮರವು ಯಾರ ಬಂಡಿಯನ್ನೂ ತಡೆಯುವುದಿಲ್ಲ, ಎಲ್ಲಿಗೆ ಹೋಗುವೆಯೆಂದು ಕೇಳುವುದೂ ಇಲ್ಲ. ಯಾವ ದಾರಿಯು ಯಾವ ಊರಿಗೆಂಬುದನ್ನು ಮಾತ್ರ ತಿಳಿಸುತ್ತದೆ. ಅಳಿಸುವ ಆಜ್ಞೆಯೂ ಹೀಗಿರತಕ್ಕದ್ದು. ಅದು ಸುತ್ತಲಿನ ಕಡತಗಳನ್ನೆಲ್ಲ ಓದಿ ನೋಡಲಿ. ಮೂಲವನ್ನು ನೆಚ್ಚಿದ ಮರಿಗಳಿಲ್ಲದಿದ್ದರೆ ಸುಮ್ಮನೆ ಅಳಿಸಲಿ. ಇದ್ದರೆ ಅವುಗಳ ಹೆಸರುಗಳನ್ನು ತೋರಿಸಿ ನಿಲ್ಲಲಿ. ಆಮೇಲೂ ಒಡೆಯನು ಬೇರೊಂದು ಸ್ಪಷ್ಟವಾದ ಮಾತಿನಿಂದ ಆಜ್ಞಾಪಿಸಿದರೆ ಮಾತ್ರ ನಡೆಯಲಿ. ಬೇರೆ ಯಂತ್ರಗಳಲ್ಲಿರುವ ಮರಿಗಳು ಅದಕ್ಕೆ ಕಾಣವು. ಕಾಣದೆಂಬುದನ್ನೂ ಅದು ಒಪ್ಪಿಕೊಳ್ಳಲಿ.

ಇಷ್ಟನ್ನು ಬರೆಯಲು ತುಸು ಹೆಚ್ಚಿನ ಶ್ರಮ ಬೇಕು. ಅದಕ್ಕಾಗಿ ಯಾರೂ ಹೊಗಳುವುದಿಲ್ಲ. ದಾರಿಯನ್ನು ಆರಿಸುವ ಹೊಣೆಯು ಪ್ರಯಾಣಿಕನದೇ ಸರಿ. ಆದರೆ ಕೈಮರದ ಮೇಲೆ ಊರಿನ ಹೆಸರನ್ನು ಬರೆಯದೆ ಬಿಟ್ಟವನು ತನ್ನ ಪಾಲಿನ ಹೊಣೆಯನ್ನು ಅವನ ಮೇಲೆ ಹೊರಿಸಲಾರನು.