ಓದಬಹುದಾದ ಬರಹ

ಬ್ರಹ್ಮ ಹಣೆಯ ಮೇಲೆ ಬರೆದದ್ದನ್ನು ಯಾರೂ ಓದಲಾರರು ಎಂಬುದು ನಮ್ಮ ಜನರ ನಂಬಿಕೆ. ಬಾಯಿ ಕ್ಯಾನ್ಸರನ್ನೂ ಹಣೆಬರಹದ ಲೆಕ್ಕಕ್ಕೆ ಸೇರಿಸುವವರು ಒಂದನ್ನು ಮರೆಯುತ್ತಾರೆ: ಅದರ ಬರಹ ಬಹಳ ಸಲ ಮುಂಚೆಯೇ ಕಾಣುತ್ತದೆ. ದಿನವೂ ತಂಬಾಕು ಇಟ್ಟುಕೊಳ್ಳುವ ಕೆನ್ನೆಯ ಒಳಬದಿಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ. ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗಬಹುದೆಂದು ತಿಳಿಯಲು ಮೊದಲು ಬಾಯೊಳಗೆ ನೋಡಬೇಕು. ಬ್ಯಾಟರಿ ಬೆಳಕಿಗೆ ಕಾಣುವುದನ್ನು ನೋಡದೆ ಬಿಟ್ಟು, ಆಮೇಲೆ ವಿಧಿಯನ್ನು ದೂರುವುದು ಧರ್ಮವಾಗದು. ನೋಡಿದರೆ ಸಾವು ತಪ್ಪುತ್ತದೆಯೇ ಎಂಬುದಕ್ಕೆ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನ ಉತ್ತರ ಕೊಟ್ಟಿದೆ. ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಚಟವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಮೊದಲು ಯಾರ ಮನೆಯ ಬಾಗಿಲು ತಟ್ಟಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ.

ಕರ್ಮಫಲವನ್ನು ತಪ್ಪಿಸಲು ನಾವು ಯಾರು ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರವನ್ನು ನೋಡಲಿ. ಅಲ್ಲಿ ಇಸ್ಕಾನ್ ದೇವಸ್ಥಾನವಿದೆ. ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಅಕ್ಷಯ ಪಾತ್ರ ಸಂಸ್ಥೆಯ ದೊಡ್ಡ ಅಡುಗೆಮನೆಯೂ ಇದೆ. ಹಸಿದ ಮಗುವಿಗೆ ಅಲ್ಲಿ ಯಾರೂ ಪೂರ್ವಕರ್ಮದ ಪಾಠ ಹೇಳುವುದಿಲ್ಲ, ಅನ್ನ ಕಳಿಸುತ್ತಾರೆ. ಹಸಿವಿಗೆ ಅಡ್ಡಬಾರದ ಕರ್ಮ ಹುಣ್ಣಿಗೆ ಮಾತ್ರ ಏಕೆ ಅಡ್ಡಬರಬೇಕು? ‘ಮಾಡಿದ್ದುಣ್ಣೋ ಮಹರಾಯ’ ಎನ್ನುವವರ ಆಕ್ಷೇಪ ಇದಕ್ಕಿಂತ ಒರಟು. ಆದರೆ ಅಡಿಕೆಯನ್ನು ತಾಂಬೂಲದ ತಟ್ಟೆಯಲ್ಲಿಟ್ಟು ಮಂಗಳವೆಂದು ಕೊಟ್ಟವರು ನಾವೇ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ರೂಢಿ ಕಲಿಸಿದ ಸಮಾಜ, ಅದರ ಫಲ ಬಂದಾಗ ಕೈತೊಳೆದುಕೊಳ್ಳುವಂತಿಲ್ಲ.

ನಿಜಕ್ಕೂ ತೂಕವಿರುವ ಆಕ್ಷೇಪ ಬೇರೆ: ಗೊತ್ತಾಗದ ನೆಮ್ಮದಿಯನ್ನು ಕಸಿದು, ಭಯವನ್ನಷ್ಟೇ ಕೊಟ್ಟು ಹೋದರೆ? ಹಾಗೆ ಮಾಡುವ ಬಾಯಿ ತಪಾಸಣೆಯ ಶಿಬಿರ ತಪ್ಪೇ. ಮಚ್ಚೆ ಕಂಡವರನ್ನು ಬಯಾಪ್ಸಿ, ಚಿಕಿತ್ಸೆಗಳವರೆಗೆ ಕರೆದೊಯ್ಯುವ ವ್ಯವಸ್ಥೆ ಇಲ್ಲದೆ ಬಾಯಿ ತೆರೆಸಬಾರದು; ಒಲ್ಲೆ ಎಂದವರನ್ನು ಬಲವಂತ ಮಾಡಲೂಬಾರದು. ಆದರೆ ರಾಯಾಪುರದಿಂದ ಒಂದು ಕಡೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇನ್ನೊಂದು ಕಡೆ ಸತ್ತೂರಿನ ದಂತ ವೈದ್ಯಕೀಯ ಕಾಲೇಜು, ಎರಡೂ ಕೆಲವೇ ಕಿಲೋಮೀಟರ್ ದೂರ. ಇಷ್ಟು ಹತ್ತಿರದಲ್ಲಿ ನೆರವಿದ್ದೂ ತಡವಾಗಿ ಬಂದ ರೋಗಿಯ ಕತೆಯನ್ನು ಹಣೆಬರಹ ಎನ್ನಲಾಗದು. ಅದು ಯಾರೂ ಹೋಗಿ ತಟ್ಟದ ಬಾಗಿಲಿನ ಕತೆ.